ಸೂರ್ಯನಿಲ್ಲದ 84 ದಿನಗಳು



ಧನುರ್ಮಾಸ ಕಾಲಿಟ್ಟಿದೆ. ದೇವಸ್ಥಾನದ ಗಂಟೆ ನಸುಕಿನಲ್ಲೇ ಕೇಳಿಸುತ್ತದೆ. ಕೇಳಿಸಿದೊಡನೆ ಕಂಬಳಿಯನ್ನು ಇನ್ನಷ್ಟು ಮೇಲಕ್ಕೆಳೆದುಕೊಳ್ಳುವ ಅಭ್ಯಾಸವೂ ಈ ಮಾಸದ ಜೊತೆಗೇ ಬಂದಿದೆ. ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಗಿನ ಹೊತ್ತು ಜೊತೆಯಾಗಿ ನಡೆಯುವ ನಿವೃತ್ತರು ನಾವು ಏಳು ಮಂದಿ. ದೀಪಾವಳಿಯವರೆಗೆ ಏಳೂ ಜನ ತಪ್ಪದೆ ಸೇರುತ್ತಿದ್ದೆವು. ಕಾರ್ತಿಕ ಮುಗಿಯುವಷ್ಟರಲ್ಲಿ ನಾಲ್ವರಾದೆವು. ಕಳೆದ ವಾರ ಒಂದು ದಿನ ನಾನೊಬ್ಬನೇ ಗೇಟಿನವರೆಗೆ ಹೋಗಿ, ಯಾರೂ ಇಲ್ಲವೆಂಬುದನ್ನು ಕಂಡು, ಒಳಗೊಳಗೇ ಸಂತೋಷಪಟ್ಟು ಹಿಂದಿರುಗಿದೆ. ಮರುದಿನದಿಂದ ಗೇಟಿನವರೆಗೂ ಹೋಗಲಿಲ್ಲ.

ನನಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷಗಳಾದವು. ಪ್ರತಿ ವರ್ಷವೂ ಜನವರಿಯ ರಕ್ತಪರೀಕ್ಷೆಯಲ್ಲಿ ಅಂಕ ಏರಿರುತ್ತದೆ. ಈಗ ವೈದ್ಯನಾಗಿರುವ ನನ್ನ ಹಳೆಯ ಶಿಷ್ಯನೊಬ್ಬ ಆ ಚೀಟಿಗಳನ್ನು ಸಾಲಾಗಿ ಮೇಜಿನ ಮೇಲೆ ಹರಡಿ, "ಸಾರ್, ಪರೀಕ್ಷೆಯಲ್ಲಿ ಅಂಕ ಹೆಚ್ಚಾದರೆ ನೀವು ಮೆಚ್ಚುತ್ತಿದ್ದಿರಿ, ಇಲ್ಲಿ ಮಾತ್ರ ನಾನು ಮೆಚ್ಚಲಾರೆ" ಎಂದ. ಚಳಿಗಾಲದ ಬೆಳಿಗ್ಗೆ ಎಂಟೂವರೆಗೆ ಸ್ವೆಟರ್ ತೆಗೆಸಿ ಡ್ರಿಲ್ಲಿಗೆ ನಿಲ್ಲಿಸುತ್ತಿದ್ದ ಮೇಷ್ಟರಿಗೆ ಈ ಮಾತು ಸಲ್ಲತಕ್ಕದ್ದೇ. ನಡೆದರೆ ಒಳ್ಳೆಯದೆಂದು ನನಗೆ ತಿಳಿಯದೆ ಇಲ್ಲ. ತಿಳಿವಳಿಕೆಗೂ ಕಾಲಿಗೂ ನಡುವೆ ಒಂದು ಕಂಬಳಿ ಅಡ್ಡವಿದೆ, ಅಷ್ಟೆ.

ಈ ಕಂಬಳಿಯ ಸಮಸ್ಯೆಯನ್ನು ಇತಿಹಾಸದಲ್ಲಿ ಯಾರಾದರೂ ಗಂಭೀರವಾಗಿ ಎದುರಿಸಿದ್ದಾರೆಯೇ ಎಂದು ಯೋಚಿಸುತ್ತಿದ್ದಾಗ ಹಿಂದೆ ಓದಿದ್ದ ಒಂದು ಪ್ರಸಂಗ ನೆನಪಾಯಿತು. ಒಂಬತ್ತನೆಯ ತರಗತಿಯಲ್ಲಿ ನಾವು ಭೌಗೋಳಿಕ ಅನ್ವೇಷಣೆಗಳ ಪಾಠವನ್ನು ಓದುತ್ತಿದ್ದೆವಲ್ಲವೇ? ವಾಸ್ಕೋ ಡ ಗಾಮ, ಕೊಲಂಬಸ್, ಮೆಗಲನ್ ಎಂದು ಮುಗಿಸಿ ನಾವು ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆವು. ಧ್ರುವ ಪ್ರದೇಶಗಳ ಕಥೆ ಆ ಪಾಠದಲ್ಲಿ ಇರಲಿಲ್ಲ. ಇದ್ದಿದ್ದರೂ ಪೋರ್ಷನ್ ಮುಗಿಸುವ ಅವಸರದಲ್ಲಿ ನಾನು ಹೇಳುತ್ತಿದ್ದೆನೋ ಇಲ್ಲವೋ. ಆ ಬಾಕಿಯನ್ನು ಈಗ ತೀರಿಸುತ್ತೇನೆ.

ಯೂರೋಪಿನಿಂದ ಪಶ್ಚಿಮಕ್ಕೆ ಹೊರಟು, ಕೆನಡಾದ ಉತ್ತರದ ದ್ವೀಪಗಳ ನಡುವೆ ನುಸುಳಿ, ಶಾಂತಸಾಗರವನ್ನು ಸೇರುವ ಜಲಮಾರ್ಗವೊಂದು ಇರಬೇಕೆಂದು ಯೂರೋಪಿಯನ್ನರು ಮೂರು ಶತಮಾನಗಳ ಕಾಲ ಹುಡುಕಿದರು. ಅದನ್ನು ವಾಯವ್ಯ ಮಾರ್ಗವೆಂದು ಕರೆಯುತ್ತಾರೆ. ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಬ್ರಿಟಿಷ್ ನೌಕಾಪಡೆಯಲ್ಲಿ ಹಡಗುಗಳೂ ಅಧಿಕಾರಿಗಳೂ ಕೆಲಸವಿಲ್ಲದೆ ಕುಳಿತಿದ್ದ ಕಾಲ. 1819ರ ಮೇ ತಿಂಗಳಿನಲ್ಲಿ ಹೆಕ್ಲಾ, ಗ್ರೈಪರ್ ಎಂಬ ಎರಡು ಹಡಗುಗಳು ಈ ಮಾರ್ಗವನ್ನು ಹುಡುಕಲು ಇಂಗ್ಲೆಂಡಿನಿಂದ ಹೊರಟವು. ನಾಯಕನ ಹೆಸರು ವಿಲಿಯಂ ಎಡ್ವರ್ಡ್ ಪ್ಯಾರಿ, ವಯಸ್ಸು ಇಪ್ಪತ್ತೆಂಟು. ಎರಡೂ ಹಡಗುಗಳಲ್ಲಿ ಸೇರಿ 94 ಜನ.

ಆ ಬೇಸಿಗೆ ಅದೃಷ್ಟ ಅವರ ಕಡೆಗಿತ್ತು. ಲ್ಯಾಂಕಾಸ್ಟರ್ ಜಲಸಂಧಿಯನ್ನು ದಾಟಿ, ಅದುವರೆಗೆ ಯಾವ ಹಡಗೂ ಹೋಗದಷ್ಟು ಪಶ್ಚಿಮಕ್ಕೆ ಸಾಗಿದರು. ಸೆಪ್ಟೆಂಬರ್ 4ರಂದು 110ನೆಯ ಪಶ್ಚಿಮ ರೇಖಾಂಶವನ್ನು ದಾಟಿದಾಗ, ಪಾರ್ಲಿಮೆಂಟು ಘೋಷಿಸಿದ್ದ 5,000 ಪೌಂಡುಗಳ ಬಹುಮಾನ ಅವರದಾಯಿತು. ಅಷ್ಟರಲ್ಲಿ ಸಮುದ್ರ ಹೆಪ್ಪುಗಟ್ಟತೊಡಗಿತು. ಮೆಲ್ವಿಲ್ ದ್ವೀಪದ ದಕ್ಷಿಣ ತೀರದಲ್ಲಿ ಒಂದು ಕೊಲ್ಲಿಯನ್ನು ಆರಿಸಿಕೊಂಡು, ಅದರ ಮೇಲೆ ಆಗಲೇ ಹರಡಿಕೊಂಡಿದ್ದ ಮಂಜುಗಡ್ಡೆಯನ್ನು ಗರಗಸಗಳಿಂದ ಕೊಯ್ದು, 2 ಮೈಲಿಗಿಂತ ಉದ್ದದ ಕಾಲುವೆಯನ್ನು ಮೂರು ದಿನಗಳಲ್ಲಿ ತೋಡಿ, ಹಡಗುಗಳನ್ನು ಒಳಕ್ಕೆ ಎಳೆದು ತಂದರು. ಆ ಸ್ಥಳಕ್ಕೆ ವಿಂಟರ್ ಹಾರ್ಬರ್ ಎಂದು ಹೆಸರಿಟ್ಟರು. ಮರುವರ್ಷದ ಬೇಸಿಗೆ ಬಂದು ಮಂಜು ಕರಗುವವರೆಗೆ, ಅಂದರೆ ಹತ್ತು ತಿಂಗಳು, ಅವರು ಅಲ್ಲಿಂದ ಕದಲುವಂತಿರಲಿಲ್ಲ. ಸಹಾಯಕ್ಕೆ ಕೂಗಿದರೆ ಕೇಳಿಸಿಕೊಳ್ಳಲು ಸುತ್ತ ನರಪಿಳ್ಳೆಯೂ ಇಲ್ಲ.

ನವೆಂಬರ್ 11ರಂದು ಕೊನೆಯ ಬಾರಿ ಸೂರ್ಯ ಕಂಡ. ಮತ್ತೆ ಕಂಡದ್ದು ಫೆಬ್ರವರಿ 3ರಂದು, ಅದೂ ಹೆಕ್ಲಾದ ಕೂವೆಮರದ ಮೇಲೆ ಹತ್ತಿ ನೋಡಿದವರಿಗೆ. ನಡುವೆ 84 ದಿನಗಳು. ನಡುಹಗಲಿನಲ್ಲಿ ದಕ್ಷಿಣ ದಿಗಂತದಲ್ಲಿ ಸ್ವಲ್ಪ ಹೊತ್ತು ಮಬ್ಬುಬೆಳಕು, ಉಳಿದಂತೆ ಕತ್ತಲು. ಫೆಬ್ರವರಿ ನಡುವಿನಲ್ಲಿ ಉಷ್ಣತೆ ಫ್ಯಾರನ್‌ಹೀಟ್ ಮಾಪಕದಲ್ಲಿ ಸೊನ್ನೆಗಿಂತ 55 ಡಿಗ್ರಿ ಕೆಳಗಿಳಿಯಿತು. ನಮ್ಮ ಲೆಕ್ಕದಲ್ಲಿ ಮೈನಸ್ 48. ಅದೇ ತಿಂಗಳ 24ರಂದು ದಡದ ಮೇಲಿದ್ದ ವೀಕ್ಷಣಾಲಯದ ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದ ಸೇವಕನೊಬ್ಬ ಬೆಲೆಬಾಳುವ ಉಪಕರಣವನ್ನು ಉಳಿಸಲು ಕೈಗವಸಿಲ್ಲದೆ ಹೊರಗೆ ಓಡಿ ಬಂದ. ಹಡಗಿಗೆ ಕರೆತಂದು ಅವನ ಕೈಗಳನ್ನು ತಣ್ಣೀರಿನ ಪಾತ್ರೆಯಲ್ಲಿ ಅದ್ದಿದಾಗ, ಬೆರಳುಗಳ ಶೈತ್ಯಕ್ಕೆ ಪಾತ್ರೆಯ ನೀರೇ ಮೇಲ್ಗಡೆ ಹೆಪ್ಪುಗಟ್ಟಿತಂತೆ. ಆ ಬಡಪಾಯಿ ಹಲವು ಬೆರಳುಗಳನ್ನು ಕಳೆದುಕೊಂಡ. ಇದನ್ನು ಓದಿದ ಮೇಲೆ ನಮ್ಮೂರಿನ 14 ಡಿಗ್ರಿಯನ್ನು ಚಳಿಯೆಂದು ಕರೆಯಲು ನನಗೆ ನಾಚಿಕೆಯಾಯಿತು. ಆದರೂ ಕಂಬಳಿ ಬಿಡಲಿಲ್ಲವೆಂಬುದು ಬೇರೆ ಮಾತು.

ಪ್ಯಾರಿಗೆ ಚಳಿಗಿಂತ ಹೆಚ್ಚಿನ ಭಯ ಎರಡರ ಮೇಲಿತ್ತು. ಒಂದು ಸ್ಕರ್ವಿ ರೋಗ. ವಸಡುಗಳು ಬಾತು ರಕ್ತ ಒಸರುವುದು, ಹಲ್ಲು ಸಡಿಲವಾಗುವುದು, ಹಳೆಯ ಗಾಯಗಳು ಮತ್ತೆ ಬಾಯಿಬಿಡುವುದು, ಕೊನೆಗೆ ಸಾವು. ಹಿಂದಿನ ಶತಮಾನಗಳಲ್ಲಿ ದೀರ್ಘಯಾನದ ನಾವಿಕರನ್ನು ಯುದ್ಧಕ್ಕಿಂತ ಹೆಚ್ಚಾಗಿ ಕೊಂದದ್ದು ಇದೇ. ಎರಡನೆಯದು ಸೋಮಾರಿತನ ಮತ್ತು ಅದರ ಬೆನ್ನಿಗೇ ಬರುವ ವಿಷಾದ. ಕತ್ತಲಿನಲ್ಲಿ, ಮಾಡಲು ಕೆಲಸವಿಲ್ಲದೆ, ಮಂಜಿನಲ್ಲಿ ಹೂತ ಮರದ ಪೆಟ್ಟಿಗೆಯೊಳಗೆ ಕುಳಿತ ತೊಂಬತ್ತು ಚಿಲ್ಲರೆ ಗಂಡಸರನ್ನು ಊಹಿಸಿಕೊಳ್ಳಿ. ಬೆಚ್ಚಗೆ ಮಲಗಿಬಿಡೋಣವೆಂಬ ಆಸೆ ಅಲ್ಲಿ ನನ್ನ ಕಂಬಳಿಯ ಆಸೆಗಿಂತ ನೂರು ಪಟ್ಟು ದೊಡ್ಡದಾಗಿದ್ದಿರಬೇಕು.

ಅವನು ಏರ್ಪಡಿಸಿದ ದಿನಚರಿಯನ್ನು ಅವನೇ ಬರೆದ ಯಾತ್ರಾವೃತ್ತಾಂತದಲ್ಲಿ ಓದಬಹುದು. ಅದು 1821ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬೆಳಿಗ್ಗೆ ಆರಕ್ಕೆ ಮೊದಲೇ ಎಲ್ಲರನ್ನೂ ಎಬ್ಬಿಸುತ್ತಿದ್ದರು. ಡೆಕ್ಕುಗಳನ್ನು ನೀರಿನಿಂದ ತೊಳೆದರೆ ತೇವವಾಗಿ ರೋಗ ಬರುತ್ತದೆಂದು, ಬಿಸಿ ಮರಳನ್ನು ಹಾಕಿ ಕಲ್ಲಿನಿಂದ ಉಜ್ಜಬೇಕಾಗಿತ್ತು. ಎಂಟಕ್ಕೆ ಉಪಾಹಾರ. ಒಂಬತ್ತರ ನಂತರ ಹಾಜರಿ. ಅಧಿಕಾರಿಗಳು ಪ್ರತಿಯೊಬ್ಬನನ್ನೂ ನಿಲ್ಲಿಸಿ, ಶುಚಿಯಾಗಿದ್ದಾನೆಯೇ, ಬೆಚ್ಚಗಿನ ಬಟ್ಟೆ ತೊಟ್ಟಿದ್ದಾನೆಯೇ ಎಂದು ಪರೀಕ್ಷಿಸುತ್ತಿದ್ದರು. ಅದೇ ವೇಳೆಯಲ್ಲಿ ಪ್ಯಾರಿ ತಾನೇ ವೈದ್ಯನೊಡನೆ ಕೆಳಗಿಳಿದು ಮಲಗುವ ಸ್ಥಳಗಳನ್ನು ನೋಡುತ್ತಿದ್ದ. ಜನರ ಉಸಿರಿನ ಆವಿ ಹಾಸಿಗೆಗಳ ಮೇಲೂ ತೊಲೆಗಳ ಮೇಲೂ ಹೆಪ್ಪುಗಟ್ಟುತ್ತಿತ್ತು. ಅದನ್ನು ದಿನವೂ ಕೆರೆದು ತೆಗೆಯಬೇಕಿತ್ತು. ಆಮೇಲೆ ವ್ಯಾಯಾಮ. ಹವೆ ಚೆನ್ನಾಗಿದ್ದರೆ ದಡದ ಮೇಲೆ ನಡಿಗೆ. ಹಿಮಗಾಳಿ ಬೀಸುತ್ತಿದ್ದರೆ, ಡಬ್ಬಿಯಂತೆ ಮೇಲ್ಹೊದಿಕೆ ಹಾಕಿದ್ದ ಡೆಕ್ಕಿನ ಸುತ್ತ ಓಟ. ಕೈಯಿಂದ ತಿರುಗಿಸಿ ನುಡಿಸುವ ಒಂದು ಆರ್ಗನ್ ವಾದ್ಯ ಹಡಗಿನಲ್ಲಿತ್ತು. ಅದರ ತಾಳಕ್ಕೆ, ಇಲ್ಲವೇ ತಾವೇ ಹೇಳಿಕೊಂಡ ಹಾಡಿಗೆ ಹೆಜ್ಜೆ ಹಾಕುತ್ತ ಗುಂಡಗೆ ಸುತ್ತಬೇಕು.

ಪ್ಯಾರಿ ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಕೆಲವರಿಗೆ ಈ ಓಟ ಮೊದಮೊದಲು ಹಿಡಿಸಲಿಲ್ಲವಂತೆ. ಆದರೆ ಕಾಯಿಲೆಯೊಂದನ್ನು ಬಿಟ್ಟರೆ ಬೇರಾವ ನೆಪವೂ ನಡೆಯುವುದಿಲ್ಲವೆಂದು ಗೊತ್ತಾದ ಮೇಲೆ ಅವರೇ ಅದನ್ನು ಒಂದು ತಮಾಷೆಯಾಗಿ ಮಾಡಿಕೊಂಡರಂತೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನಗೆ ಈ ಸಾಲುಗಳನ್ನು ಓದಿದಾಗ ಪರಿಚಿತರೊಬ್ಬರನ್ನು ಕಂಡಂತಾಯಿತು. ಡ್ರಿಲ್ ಪೀರಿಯಡ್ಡಿನಲ್ಲಿ ಹೊಟ್ಟೆನೋವೆಂದು ಮರದ ಕೆಳಗೆ ಕುಳಿತುಕೊಳ್ಳುತ್ತಿದ್ದವರು, ಅದು ನಡೆಯದೆಂದು ತಿಳಿದ ಮೇಲೆ ಎಲ್ಲರಿಗಿಂತ ಹೆಚ್ಚು ಗಲಾಟೆ ಮಾಡುತ್ತ ಓಡುತ್ತಿದ್ದರು. ಅವರು ಈಗ ಇದನ್ನು ಓದುತ್ತಿದ್ದಾರೆಂಬುದೂ ನನಗೆ ಗೊತ್ತು. ಆಯ್ಕೆ ಇರುವವರೆಗೆ ಪ್ರತಿ ಬೆಳಿಗ್ಗೆಯೂ ಮನಸ್ಸಿನೊಳಗೆ ಒಂದು ವ್ಯಾಜ್ಯ ನಡೆಯುತ್ತದೆ, ಹೋಗಲೇ, ಬೇಡವೇ? ವ್ಯಾಜ್ಯವನ್ನು ಬೇರೆ ಯಾರೋ ತೀರಿಸಿಬಿಟ್ಟರೆ ಮನಸ್ಸು ಹಗುರಾಗಿ ಆಟಕ್ಕೆ ತಿರುಗುತ್ತದೆ. ಪ್ಯಾರಿಯ ವ್ಯವಸ್ಥೆಯ ಒಳಗುಟ್ಟು ಇದೇ ಎಂದು ನನ್ನ ಎಣಿಕೆ. ಆ ಚಳಿಗಾಲದಲ್ಲಿ 94 ಜನರಿಗೂ ಮನೋಬಲ ತುಂಬಿ ತುಳುಕುತ್ತಿತ್ತೆಂದು ನಂಬಬೇಕಾಗಿಲ್ಲ. ದಿನಕ್ಕೊಂದು ಬಾರಿ ಮನೋಬಲವನ್ನು ಹೊಸದಾಗಿ ಹುಟ್ಟಿಸಿಕೊಳ್ಳುವ ಶ್ರಮವನ್ನು ಅವನು ತಪ್ಪಿಸಿದ್ದ.

ನಿಂಬೆರಸದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಹುಳಿಹಣ್ಣುಗಳಿಂದ ಸ್ಕರ್ವಿ ಗುಣವಾಗುತ್ತದೆಂದು ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ 1747ರಲ್ಲಿಯೇ ಪ್ರಯೋಗ ಮಾಡಿ ತೋರಿಸಿದ್ದ. ಬ್ರಿಟಿಷ್ ನೌಕಾಪಡೆ 1795ರಿಂದ ನಿಂಬೆರಸವನ್ನು ಕೊಡಲು ಒಪ್ಪಿತ್ತು. ಔಷಧ ಗೊತ್ತಿತ್ತು, ಹಡಗಿನಲ್ಲಿ ದಾಸ್ತಾನೂ ಇತ್ತು. ಆದರೂ ಪ್ಯಾರಿ, ಸಕ್ಕರೆ ಬೆರೆಸಿದ ಆ ರಸವನ್ನು ಪ್ರತಿಯೊಬ್ಬ ನಾವಿಕನೂ ದಿನವೂ ಅಧಿಕಾರಿಯೊಬ್ಬನ ಕಣ್ಣೆದುರಿಗೇ ಕುಡಿಯಬೇಕೆಂದು ಕಟ್ಟಳೆ ಮಾಡಿದ. ತಮ್ಮ ಆರೋಗ್ಯದ ವಿಷಯದಲ್ಲಿ ನಾವಿಕರು ಮಕ್ಕಳ ಹಾಗೆ ಎಂದು ಅದಕ್ಕೆ ಕಾರಣವನ್ನೂ ಬರೆದಿದ್ದಾನೆ. ನಾವಿಕರು ಮಾತ್ರವೇ? ಮನೆಯವಳು ಮಾತ್ರೆಯನ್ನೂ ನೀರಿನ ಲೋಟವನ್ನೂ ತಂದುಕೊಟ್ಟು, ನುಂಗುವವರೆಗೆ ಎದುರಿಗೇ ನಿಲ್ಲುವುದನ್ನು ನಾನು ಇಷ್ಟು ವರ್ಷ ಅಪನಂಬಿಕೆಯೆಂದು ತಿಳಿದಿದ್ದೆ. ಅದು ಬ್ರಿಟಿಷ್ ನೌಕಾಪಡೆಯ ಪದ್ಧತಿಯೆಂದು ಈಗ ತಿಳಿಯಿತು.

ಇಷ್ಟಾದರೂ 1820ರ ಜನವರಿಯ ಆರಂಭದಲ್ಲಿ ಹೆಕ್ಲಾದ ಗನ್ನರ್ ಒಬ್ಬನ ವಸಡಿನಲ್ಲಿ ಸ್ಕರ್ವಿಯ ಗುರುತು ಕಾಣಿಸಿತು. ಚಳಿಗೆ ನಿಂಬೆರಸದ ಸೀಸೆಗಳು ಹೆಪ್ಪುಗಟ್ಟಿ ಒಡೆಯುತ್ತಿದ್ದುದರಿಂದ ದಾಸ್ತಾನಿನ ಚಿಂತೆಯೂ ಇತ್ತು. ಆಗ ಪ್ಯಾರಿ ತನ್ನ ಕೋಣೆಯ ಒಲೆಯ ಹೊಗೆಕೊಳವೆಯ ಪಕ್ಕದಲ್ಲಿ ಆಳವಿಲ್ಲದ ಪೆಟ್ಟಿಗೆಗಳನ್ನಿಟ್ಟು, ಮಣ್ಣು ತುಂಬಿ, ಸಾಸಿವೆಯನ್ನೂ ಅಳವಿಯನ್ನೂ ಬಿತ್ತಿದ. ನಮ್ಮಲ್ಲಿ ಬಾಣಂತಿಯರಿಗೆ ಪಾಯಸ ಮಾಡಿಕೊಡುತ್ತಾರಲ್ಲ, ಅದೇ ಅಳವಿ. ಆರೇಳು ದಿನಗಳಲ್ಲಿ ಮೊಳಕೆ ಬೆಳೆಯಿತು. ಬೆಳಕಿಲ್ಲದ್ದರಿಂದ ಹಸಿರು ಬಣ್ಣವಿಲ್ಲದೆ ಬಿಳಿಚಿಕೊಂಡಿತ್ತು, ರುಚಿಗೆ ಮಾತ್ರ ಕೊರತೆಯಿರಲಿಲ್ಲ. ದಿನಕ್ಕೆ ಸುಮಾರು ಒಂದು ಔನ್ಸಿನಷ್ಟು ಸೊಪ್ಪನ್ನು ತಿಂದ ರೋಗಿ ಒಂಬತ್ತನೆಯ ದಿನದ ಹೊತ್ತಿಗೆ ಓಡಾಡುವಂತಾದ. ಮೊಳಕೆಯೊಡೆಯುವ ಬೀಜ ಕತ್ತಲಿನಲ್ಲಿಯೂ ಸಿ ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆಂದು ನಮಗೆ ಈಗ ಗೊತ್ತು. ಆ ಜೀವಸತ್ವವನ್ನು ಬೇರ್ಪಡಿಸಿ ಗುರುತಿಸಿದ್ದು 1928ರಿಂದ 1932ರ ನಡುವೆ. ಪ್ಯಾರಿಗೆ ಕಾರಣ ತಿಳಿಯದು, ಫಲ ಕಂಡಿತು.

ಉಲ್ಲಾಸಕ್ಕಾಗಿ ಅವನು ಮಾಡಿದ ಏರ್ಪಾಡುಗಳೂ ಕಡಿಮೆಯಲ್ಲ. ನವೆಂಬರ್ 5ರಂದು, ಸೂರ್ಯ ಮರೆಯಾಗುತ್ತಿದ್ದ ವಾರದಲ್ಲೇ, ಹೆಕ್ಲಾದ ಡೆಕ್ಕಿನ ಮೇಲೆ ನಾಟಕ ಆಡಿದರು. ಆ ಚಳಿಯಲ್ಲಿ ಅಧಿಕಾರಿಗಳು ಹೆಂಗಸರ ತೆಳು ಉಡುಪು ತೊಟ್ಟು ರಂಗಕ್ಕೆ ಬರುತ್ತಿದ್ದರು! ನಾಯಕ ಪ್ಯಾರಿಯೂ ಪಾತ್ರ ವಹಿಸಿದ. ಅಲ್ಲಿಂದ ಹದಿನೈದು ದಿನಕ್ಕೊಂದು ನಾಟಕ. ಎಡ್ವರ್ಡ್ ಸಬೈನ್ ಎಂಬ ವಿಜ್ಞಾನಿಯ ಸಂಪಾದಕತ್ವದಲ್ಲಿ ಕೈಬರಹದ ವಾರಪತ್ರಿಕೆಯೊಂದು 21 ಸಂಚಿಕೆಗಳ ಕಾಲ ನಡೆಯಿತು. ನಮ್ಮ ಶಾಲೆಯ ಭಿತ್ತಿಪತ್ರಿಕೆ ಎರಡು ಸಂಚಿಕೆಗೆ ನಿಂತುಹೋದದ್ದನ್ನು ನೆನೆದರೆ, ಸಬೈನರ ಮೇಲೆ ಗೌರವ ಹೆಚ್ಚುತ್ತದೆ.

ಇತಿಹಾಸದ ಮೇಷ್ಟರಾಗಿ ಇಲ್ಲಿ ಒಂದು ತಿದ್ದುಪಡಿಯನ್ನು ಹೇಳಲೇಬೇಕು. ಸ್ಕರ್ವಿಗೆ ತೇವ, ಆಲಸ್ಯ ಮತ್ತು ಖಿನ್ನತೆಗಳೂ ಕಾರಣವೆಂದು ಅಂದಿನವರು ನಂಬಿದ್ದರು. ಆದ್ದರಿಂದ ಓಟವೂ ನಾಟಕವೂ ಅವರ ಪಾಲಿಗೆ ಔಷಧಗಳೇ ಆಗಿದ್ದವು. ಅದು ತಪ್ಪು. ಎಷ್ಟು ನಾಟಕ ಆಡಿದರೂ ವಸಡು ಗಟ್ಟಿಯಾಗುವುದಿಲ್ಲ. ಅವರನ್ನು ಕಾಪಾಡಿದ್ದು ನಿಂಬೆರಸ, ಮೊಳಕೆಯ ಸೊಪ್ಪು, ಬೇಸಿಗೆಯಲ್ಲಿ ದ್ವೀಪದ ಮೇಲೆ ಕಿತ್ತು ತಂದು ತಿಂದ ಚುಕ್ಕೆ ಸೊಪ್ಪಿನ ಬಳಗದ ಹುಳಿಯೆಲೆ, ಬೇಟೆಯ ಹಸಿ ಮಾಂಸ. ಹಾಗಾದರೆ ನಾಟಕ ವ್ಯರ್ಥವೇ? ನನಗೆ ಹಾಗೆನ್ನಿಸುವುದಿಲ್ಲ. ಒಳ್ಳೆಯದನ್ನು ಒಂದು ದಿನ ಮಾಡುವುದು ಯಾರಿಗೂ ಕಷ್ಟವಲ್ಲ. ಮುನ್ನೂರು ದಿನ, ಅದೂ ಎಲ್ಲ ದಿನಗಳೂ ಒಂದೇ ರಾತ್ರಿಯಂತಿರುವಾಗ, ತಪ್ಪದೆ ಮಾಡಬೇಕಾದರೆ ದಿನಗಳಿಗೆ ಒಂದು ಆಕಾರ ಬೇಕು. ನಾಡಿದ್ದು ಗುರುವಾರ, ಗುರುವಾರ ನಾಟಕ ಎಂದು ಎಣಿಸಲು ಏನಾದರೂ ಇರಬೇಕು. ನಮ್ಮ ಹಿರಿಯರು ಹಗಲು ಕುಗ್ಗುವ ಈ ಮಾಸದಲ್ಲಿಯೇ ನಸುಕಿನ ಪೂಜೆಯನ್ನೂ, ಮುಗಿದೊಡನೆ ಬಿಸಿ ಹುಗ್ಗಿಯನ್ನೂ ಇಟ್ಟದ್ದು ಯಾವ ಕಾರಣಕ್ಕೋ, ಶಾಸ್ತ್ರಜ್ಞರು ಹೇಳಬೇಕು. ಹುಗ್ಗಿಯ ಆಸೆಗೆ ನಾನು ಬಾಲ್ಯದಲ್ಲಿ ಐದು ಗಂಟೆಗೆ ಎದ್ದು ತಣ್ಣೀರು ಮೀಯುತ್ತಿದ್ದೆನೆಂಬುದಂತೂ ನಿಜ.

1820ರ ಆಗಸ್ಟ್ 1ರಂದು ಹಡಗುಗಳು ಬಂದರಿನಿಂದ ಬಿಡುಗಡೆ ಹೊಂದಿದವು. ಊರಿಗೆ ಮರಳುವಾಗ 94 ಜನರಲ್ಲಿ ಇಲ್ಲವಾಗಿದ್ದವನು ಒಬ್ಬನೇ.

ಪ್ಯಾರಿ ಮತ್ತೆ ಎರಡು ಬಾರಿ ಅದೇ ಮಾರ್ಗವನ್ನು ಅರಸಿ ಹೋದ. 1821ರ ಚಳಿಗಾಲದಲ್ಲಿ ಅವನು ಹಡಗಿನಲ್ಲಿ ಸಂಜೆಯ ಶಾಲೆಯನ್ನು ತೆರೆದ. ಎರಡು ತಿಂಗಳ ಹಿಂದೆ ಅಕ್ಷರವನ್ನೇ ಸರಿಯಾಗಿ ಅರಿಯದಿದ್ದ 16 ನಾವಿಕರು ಕ್ರಿಸ್‌ಮಸ್ ದಿನ ತಾವೇ ಅಂದವಾಗಿ ಬರೆದ ಕಾಪಿಗಳನ್ನು ಅವನಿಗೆ ಒಪ್ಪಿಸಿದರು. ಆ ಕ್ರಿಸ್‌ಮಸ್ ಕಾಣಿಕೆಗೆ ನಾನು ನನ್ನ ಎಲ್ಲ ಹಾರತುರಾಯಿಗಳನ್ನೂ ಕೊಟ್ಟೇನು. 1824ರ ಯಾತ್ರೆಯ ಹೊತ್ತಿಗೆ ನಾಟಕಗಳು ಹಳಸಿದ್ದವು, ಯಾರಿಗೂ ಉತ್ಸಾಹವಿರಲಿಲ್ಲ. ಹಟಕ್ಕೆ ಬಿದ್ದು ಅದನ್ನೇ ಮುಂದುವರಿಸದೆ, ವೇಷ ಹಾಕಿಕೊಂಡು ಗುರುತು ಸಿಗದಂತೆ ಕುಣಿಯುವ ಕೂಟಗಳನ್ನು ಅವರು ತಿಂಗಳಿಗೊಮ್ಮೆ ಏರ್ಪಡಿಸಿದರು. ಹುರುಪು ಹುಟ್ಟಿಸುವ ಉಪಾಯಗಳಿಗೂ ಆಯುಷ್ಯವಿದೆ ಎಂಬುದನ್ನು ಅವನು ಕಂಡುಕೊಂಡಿದ್ದ. ಪಾಠ ಹೇಳುವವರು ಇದನ್ನು ಗಮನಿಸಬೇಕು. ಒಂದೇ ಹಾಸ್ಯವನ್ನು ಪ್ರತಿ ವರ್ಷ ಹೇಳುತ್ತಿದ್ದ ನಾನು ಗಮನಿಸಲಿಲ್ಲ.

ಈಗ ಭೂಮಿಯ ಇನ್ನೊಂದು ತುದಿಗೆ ಹೋಗೋಣ. ಪ್ಯಾರಿಯ ಕಥೆಯೊಂದನ್ನೇ ಹೇಳಿ ನಿಲ್ಲಿಸಿದರೆ ಎಲ್ಲವೂ ಸುಲಭವೆಂದು ತೋರೀತು. ಅದಾದ ಸುಮಾರು ಎಂಬತ್ತು ವರ್ಷಗಳ ನಂತರ, 1897ರ ಆಗಸ್ಟಿನಲ್ಲಿ, ಬೆಲ್ಜಿಕಾ ಎಂಬ ಹಡಗು ಬೆಲ್ಜಿಯಂ ದೇಶದ ಆಂಟ್‌ವರ್ಪ್ ಬಂದರಿನಿಂದ ಅಂಟಾರ್ಕ್ಟಿಕಕ್ಕೆ ಹೊರಟಿತು. ನಾಯಕ ಆಡ್ರಿಯನ್ ದ ಜೆರ್ಲಾಷ್. ಮರುವರ್ಷದ ಮಾರ್ಚ್ ಹೊತ್ತಿಗೆ ಹಡಗು ತೇಲುವ ಮಂಜುಗಡ್ಡೆಗಳ ನಡುವೆ ಸಿಕ್ಕಿಕೊಂಡಿತು. ಅಂಟಾರ್ಕ್ಟಿಕ ವೃತ್ತದ ದಕ್ಷಿಣದಲ್ಲಿ ಮನುಷ್ಯರು ಚಳಿಗಾಲವನ್ನು ಕಳೆದದ್ದು ಅದೇ ಮೊದಲು. ಅದಕ್ಕೆ ಬೇಕಾದ ಬಟ್ಟೆಯಾಗಲಿ ಸಿದ್ಧತೆಯಾಗಲಿ ಸಾಕಷ್ಟು ಇರಲಿಲ್ಲ. 1898ರ ಮೇ ನಡುವಿನಲ್ಲಿ ಸೂರ್ಯ ಮುಳುಗಿದ, ಸುಮಾರು ಎಪ್ಪತ್ತು ದಿನ ಮತ್ತೆ ಏಳಲಿಲ್ಲ. ಜೂನ್ 5ರಂದು ಎಮಿಲ್ ಡಾಂಕೊ ಎಂಬ ತರುಣ ಅಧಿಕಾರಿ ಹೃದಯದ ಕಾಯಿಲೆಯಿಂದ ತೀರಿಕೊಂಡ. ಆಮೇಲೆ ಒಬ್ಬೊಬ್ಬರಾಗಿ ಕುಸಿಯತೊಡಗಿದರು. ಊಟ ಸೇರದು, ಕಾಲು ಬಾವು, ಎದೆಬಡಿತ ಏರುಪೇರು. ಕೆಲವರ ಬುದ್ಧಿಯೇ ಸ್ತಿಮಿತ ತಪ್ಪಿತು. ಹಡಗಿನ ಸುತ್ತ ಮಂಜಿನ ಮೇಲೆ ತುಳಿದು ಮಾಡಿದ ಕಾಲುದಾರಿಯಲ್ಲಿ ಅವರು ಸುತ್ತುತ್ತಿದ್ದರು. ಆ ಸುತ್ತಾಟಕ್ಕೆ ತಾವೇ ಹುಚ್ಚಾಸ್ಪತ್ರೆಯ ವಿಹಾರವೆಂಬ ಅರ್ಥದ ಹೆಸರಿಟ್ಟುಕೊಂಡಿದ್ದರು.

ಹಡಗಿನ ವೈದ್ಯ ಅಮೆರಿಕದ ಫ್ರೆಡರಿಕ್ ಕುಕ್. ಅವನು ಹಿಂದೆ ಗ್ರೀನ್‌ಲೆಂಡಿನಲ್ಲಿ ಚಳಿಗಾಲ ಕಳೆದಿದ್ದ. ಅಲ್ಲಿನ ಇನುಯಿಟ್ ಜನ ಸೊಪ್ಪುತರಕಾರಿಯಿಲ್ಲದೆ, ಹಸಿ ಮಾಂಸ ತಿಂದು ಸ್ಕರ್ವಿಯ ಸುಳಿವಿಲ್ಲದೆ ಬದುಕುವುದನ್ನು ಕಂಡಿದ್ದ. ಹಡಗಿನ ಸುತ್ತ ಪೆಂಗ್ವಿನ್ನುಗಳೂ ಸೀಲ್‌ಗಳೂ ಸಿಗುತ್ತಿದ್ದವು. ಇವುಗಳ ತಾಜಾ ಮಾಂಸವನ್ನು ಹೆಚ್ಚು ಬೇಯಿಸದೆ ತಿನ್ನಿ ಎಂದು ಅವನು ಬೇಡಿಕೊಂಡ. ದ ಜೆರ್ಲಾಷನಿಗೆ ಆ ಮಾಂಸದ ರುಚಿಯೂ ವಾಸನೆಯೂ ಆಗದು. ಡಬ್ಬಿಯ ಆಹಾರವೇ ಸಾಕೆಂದ. ನಾಯಕ ತಟ್ಟೆಯನ್ನು ತಳ್ಳಿದ ಮೇಲೆ ಉಳಿದವರಿಗೆ ಹೇಳುವುದೇನು? ಇಲ್ಲಿ ಪ್ಯಾರಿಯ ನೆನಪಾಗುತ್ತದೆ. ಬೆಲ್ಜಿಕಾದಲ್ಲಿಯೂ ಔಷಧ ಹತ್ತಿರವೇ ಇತ್ತು, ಹೇಳುವ ವೈದ್ಯನೂ ಇದ್ದ. ಎದುರಿಗೆ ನಿಂತು ಕುಡಿಸುವ, ತಾನೂ ಕುಡಿಯುವ ಹಿರಿಯನೊಬ್ಬ ಇರಲಿಲ್ಲ.

ಜುಲೈ ಹೊತ್ತಿಗೆ ನಾಯಕನೂ, ಅವನ ನಂತರದ ಅಧಿಕಾರಿ ಜಾರ್ಜ್ ಲೆಕ್ವಾಂತನೂ ಹಾಸಿಗೆ ಹಿಡಿದರು. ಇಬ್ಬರೂ ಉಯಿಲು ಬರೆದಿಟ್ಟರು. ಸಾವು ಹೊಸ್ತಿಲಿಗೆ ಬಂದ ಮೇಲೆ ಲೆಕ್ವಾಂತ್ ಕುಕ್‌ನ ಮಾತಿಗೆ ಒಪ್ಪಿದ. ತಾಜಾ ಮಾಂಸ, ಜೊತೆಗೆ ದಿನವೂ ಬಟ್ಟೆ ಕಳಚಿ ಉರಿಯುವ ಒಲೆಯ ಮುಂದೆ ಕೂರುವ ಉಪಚಾರ. ಕೆಲವೇ ದಿನಗಳಲ್ಲಿ ಅವನು ಚೇತರಿಸಿಕೊಂಡ. ಅವನನ್ನು ಕಂಡು ಉಳಿದವರೂ, ಕಡೆಗೆ ನಾಯಕನೂ ತಿಂದರು. ಒಲೆಯ ಬಿಸಿ ಸ್ಕರ್ವಿಗೆ ಔಷಧವಲ್ಲ, ಮಾಂಸವೇ ಔಷಧ. ಆದರೆ ಒಂದು ಗಂಟೆ ಬೆಳಕಿನ ಮುಂದೆ ಬೆಚ್ಚಗೆ ಕುಳಿತವನಿಗೆ ಆ ಮಾಂಸವನ್ನು ನುಂಗುವ ಮನಸ್ಸು ಬಂದಿದ್ದರೆ ಆಶ್ಚರ್ಯವಿಲ್ಲ. ಮರುಬೇಸಿಗೆಯಲ್ಲಿ ಮಂಜನ್ನು ಕೊಯ್ದು ದಾರಿ ಮಾಡಿಕೊಂಡು, 1899ರ ಮಾರ್ಚ್ 14ರಂದು ಅವರು ತೆರೆದ ಸಮುದ್ರವನ್ನು ಸೇರಿದರು. ಕುಕ್ ಮುಂದೆ ಉತ್ತರ ಧ್ರುವವನ್ನು ಮುಟ್ಟಿದೆನೆಂದು ಹೇಳಿಕೊಂಡು ನಂಬಿಕೆ ಕಳೆದುಕೊಂಡ, ತೈಲ ಕಂಪನಿಯ ವಂಚನೆಯ ಮೊಕದ್ದಮೆಯಲ್ಲಿ ಸೆರೆಮನೆಯನ್ನೂ ಕಂಡ. 1926ರಲ್ಲಿ ಆ ಸೆರೆಮನೆಗೆ ಅವನನ್ನು ಕಾಣಲು ಹೋದವರಲ್ಲಿ ಒಬ್ಬ, ಬೆಲ್ಜಿಕಾದಲ್ಲಿ ಅವನೊಡನೆ ಚಳಿಗಾಲ ಕಳೆದಿದ್ದ ನಾರ್ವೆಯ ತರುಣ. ಅಷ್ಟರಲ್ಲಿ ಅವನು ಜಗತ್ಪ್ರಸಿದ್ಧನಾಗಿದ್ದ; ಹೆಸರು ರೋಆಲ್ಡ್ ಅಮುಂಡ್ಸೆನ್. ಪ್ಯಾರಿ ಹುಡುಕಿದ ವಾಯವ್ಯ ಮಾರ್ಗವನ್ನು 1903ರಿಂದ 1906ರ ಅವಧಿಯಲ್ಲಿ ಮೊದಲು ಹಡಗಿನಲ್ಲಿ ದಾಟಿದವನೂ, 1911ರ ಡಿಸೆಂಬರಿನಲ್ಲಿ ದಕ್ಷಿಣ ಧ್ರುವವನ್ನು ಮೊದಲು ತಲುಪಿದವನೂ ಅವನೇ.

ಧ್ರುವಕ್ಕೆ ಹೊರಡುವ ಮೊದಲು ಅಮುಂಡ್ಸೆನ್ ಒಂಬತ್ತು ಜನರ ತಂಡದೊಡನೆ ಅಂಟಾರ್ಕ್ಟಿಕದ ಮಂಜಿನ ಮೇಲೆ ಫ್ರಾಮ್‌ಹೈಮ್ ಎಂಬ ಮರದ ಮನೆಯಲ್ಲಿ 1911ರ ಚಳಿಗಾಲವನ್ನು ಕಳೆದ. ನಾಲ್ಕು ತಿಂಗಳು ಸೂರ್ಯನಿಲ್ಲ. ಬೆಲ್ಜಿಕಾದ ಪಾಠವನ್ನು ಅವನು ಮರೆತಿರಲಿಲ್ಲ. ಸೀಲ್ ಮಾಂಸ ನಿತ್ಯದ ಊಟ. ಕೆಲಸಕ್ಕೆ ಗೊತ್ತಾದ ವೇಳೆ. ಮೈಗೆ ಹಬೆಯ ಸ್ನಾನ. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಒಂದು ಸಣ್ಣ ಉಪಾಯ. ಬೆಳಿಗ್ಗೆ ಎದ್ದವರು ಮನೆಯಿಂದಾಚೆ ಹೋಗಿ, ಆ ದಿನದ ಉಷ್ಣತೆ ಎಷ್ಟೆಂದು ಊಹಿಸಿ ಹೇಳಬೇಕು. ಥರ್ಮಾಮೀಟರಿಗೆ ಹತ್ತಿರವಾಗಿ ಹೇಳಿದವರ ಲೆಕ್ಕವನ್ನು ಬರೆದಿಡುತ್ತಿದ್ದರು, ಗೆದ್ದವರಿಗೆ ಸಿಗಾರು ಮೊದಲಾದ ಬಹುಮಾನ. ಧ್ರುವದ ದಾರಿಯಲ್ಲಿ ಥರ್ಮಾಮೀಟರು ಒಡೆದರೆ ಅಂದಾಜು ಮಾಡುವ ಅಭ್ಯಾಸವಿರಲಿ ಎಂಬುದು ಒಂದು ಉದ್ದೇಶ. ಇನ್ನೊಂದನ್ನು ಅವನೇ ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ನಿದ್ದೆಗಣ್ಣಿನಲ್ಲಿ ಮುಖ ಗಂಟಿಕ್ಕಿಕೊಂಡಿರುವವರು ಒಂದು ಗಳಿಗೆ ಹೊರಗೆ ನಿಂತು ಬರಬೇಕು, ಅಷ್ಟೆ. ಹೊರಗೆ ಹೋಗಿ ಆರೋಗ್ಯ ಕಾಪಾಡಿಕೊಳ್ಳಿ ಎಂದು ಅವನು ಉಪದೇಶಿಸಲಿಲ್ಲ.

ಮೊನ್ನೆ ಭಾನುವಾರ ನಾನು ಪೇಟೆಗೆ ಹೋಗಿ ಗೋಡೆಗೆ ತೂಗುಹಾಕುವ ಥರ್ಮಾಮೀಟರೊಂದನ್ನು ಕೊಂಡು ತಂದೆ. ಉದ್ಯಾನದ ಕಾವಲುಗಾರನನ್ನು ಒಪ್ಪಿಸಿ ಅವನ ಕೋಣೆಯ ಹೊರಗೋಡೆಗೆ ಮೊಳೆ ಹೊಡೆಸಿದ್ದಾಯಿತು. ಆರು ಮಂದಿ ಗೆಳೆಯರಿಗೂ ಫೋನು ಮಾಡಿ ನಿಯಮಗಳನ್ನು ತಿಳಿಸಿದೆ. ಬೆಳಿಗ್ಗೆ ಆರೂಕಾಲಿಗೆ ಅಲ್ಲಿಗೆ ಬಂದು, ಗೋಡೆಯ ಕಡೆ ನೋಡದೆ, ಅಂದಾಜು ಹೇಳಬೇಕು. ನಾಲ್ಕು ಸುತ್ತು ನಡೆದ ಮೇಲೆ ಫಲಿತಾಂಶ. ತೀರ ದೂರ ಹೇಳಿದವರು ಎಲ್ಲರಿಗೂ ಕಾಫಿ ಕೊಡಿಸಬೇಕು, ನನ್ನದು ಮಾತ್ರ ಸಕ್ಕರೆಯಿಲ್ಲದ್ದು. ಮೊದಲ ದಿನ ಐವರು ಬಂದರು. ಎರಡನೆಯ ದಿನ ಏಳೂ ಜನ. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರಂತೂ ಹಿಂದಿನ ರಾತ್ರಿಯ ಹವಾಮಾನ ವರದಿಯನ್ನು ಗುಟ್ಟಾಗಿ ನೋಡಿಕೊಂಡು ಬಂದು ಸಿಕ್ಕಿಬಿದ್ದರು. ಇಂದು ನಾನು 16 ಎಂದೆ. ಇದ್ದದ್ದು 13. ಕಾಫಿಯ ಬಿಲ್ಲು ನೂರಾ ಐದು ರೂಪಾಯಿ.